ಕರೆಂಟ್ ಕೆಲಸಕ್ಕೆ ತಕ್ಕ ಕೂಲಿ: ಒಂದು ಧರ್ಮವಿಚಾರ

ಮನೆಯ ವಿದ್ಯುತ್ ರಿಪೇರಿಗೆ ಕರೆಸಿದ ಎಲೆಕ್ಟ್ರಿಷಿಯನ್‌ಗೆ ಎಷ್ಟು ಕೊಟ್ಟರೆ ನ್ಯಾಯ ಎಂಬುದು ಮೇಲುನೋಟಕ್ಕೆ ಬರೀ ಲೆಕ್ಕಾಚಾರದ ಪ್ರಶ್ನೆ. ಲೆಕ್ಕಾಚಾರ ಮಾತ್ರದಿಂದ ಅದು ಬಗೆಹರಿಯುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವ ಬಲ್ಬಿನ ಡಬ್ಬಿಯ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುತ್ತದೆ. ಆ ಬಲ್ಬು ಏಕೆ ಮಿಣುಕುತ್ತಿದೆ ಎಂದು ಪತ್ತೆ ಮಾಡುವ ಕೆಲಸಕ್ಕೆ ಅಂಥ ಅಚ್ಚುಬೆಲೆ ಇಲ್ಲ. ಮಾಡಿಸುವವರಿಗೆ ಗೋಡೆಯೊಳಗಿನ ವೈರಿನ ಸ್ಥಿತಿ ತಿಳಿಯದು. ಮಾಡುವವರಿಗೆ ಅದು ತಿಳಿಯುತ್ತದೆ, ಜೊತೆಗೆ ಮನೆಯವರ ಅವಸರವೂ ಕಣ್ಣಿಗೆ ಕಾಣುತ್ತದೆ. ಕೆಲಸ ಮುಗಿದ ಮೇಲೆ ಸ್ಥಿತಿ ತಿರುವುಮುರುವು: ಹಣ ಮನೆಯವರ ಕೈಯಲ್ಲಿರುತ್ತದೆ, ದುಡಿದವರು ಬಾಗಿಲಲ್ಲಿ ಕಾಯಬೇಕು. ಕೆಲಸಕ್ಕೆ ಮುಂಚೆ ಒಬ್ಬರ ಕೈ ಮೇಲು, ಆದ ಮೇಲೆ ಇನ್ನೊಬ್ಬರ ಕೈ ಮೇಲು. ಒಬ್ಬರ ನಿರುಪಾಯ ಮತ್ತೊಬ್ಬರ ಲಾಭವಾಗಬಹುದಾದ ಇಂಥ ಕಡೆ ಬೆಲೆಯ ಪ್ರಶ್ನೆ ಧರ್ಮದ ಪ್ರಶ್ನೆಯೂ ಆಗುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ಇದು ಎಷ್ಟೋ ಸಲ ಎರಡೇ ಮಾತಿನಲ್ಲಿ ಮುಗಿದುಹೋಗುತ್ತದೆ. "ಎಷ್ಟಾಯ್ತಪ್ಪ?" ಎಂದು ಮನೆಯವರು ಕೇಳುತ್ತಾರೆ, "ನೀವೇ ನೋಡಿ ಕೊಡಿ ಅಣ್ಣ" ಎಂಬ ಉತ್ತರ ಬರುತ್ತದೆ. ಇದರಲ್ಲಿ ಮರ್ಯಾದೆಯೂ ಇದೆ, ನಂಬಿಕೆಯೂ ಇದೆ. ಆದರೆ ತೀರ್ಮಾನದ ಹೊಣೆಯೆಲ್ಲ ಕೊಡುವವರ ಮೇಲೆ ಬೀಳುತ್ತದೆ, ಅವರ ಬಳಿಯಾದರೋ ಅಳತೆಗೋಲು ಇರುವುದಿಲ್ಲ. ಆ ಅಳತೆಗೋಲು ಯಾವುದಾಗಬೇಕು ಎಂಬುದು ಇಲ್ಲಿನ ವಿಚಾರ.

ವಿದ್ಯುತ್ತು ಮತ್ತು ಈ ಸೀಮೆ

ಕೋಲಾರ ಜಿಲ್ಲೆಗೂ ವಿದ್ಯುತ್ತಿಗೂ ಹಳೆಯ ನಂಟು. ಕಾವೇರಿಯ ಶಿವನಸಮುದ್ರದಲ್ಲಿ ತಯಾರಾದ ಕರೆಂಟು 1902ರ ಜೂನ್ ಕೊನೆಯಲ್ಲಿ ಸುಮಾರು 147 ಕಿಲೋಮೀಟರ್ ಉದ್ದದ ತಂತಿಯಲ್ಲಿ ಹರಿದು ಈ ಜಿಲ್ಲೆಯ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿದ್ದು ಅದಾದ ಮೇಲೆ, 1905ರಲ್ಲಿ. ಗಣಿಯ ಯಂತ್ರಗಳಿಗೆ ಅಷ್ಟು ಬೇಗ ಒದಗಿದ ಕರೆಂಟು ಸುತ್ತಲ ಹಳ್ಳಿಗಳ ಮನೆಗಳನ್ನು ಮುಟ್ಟಲು ಮತ್ತೆ ದಶಕಗಳು ಹಿಡಿದವು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಇಂದು ಜಿಲ್ಲೆಯ ಕರೆಂಟ್ ಕೆಲಸ ಮನೆ, ತೋಟ, ಕಾರ್ಖಾನೆಗಳಿಗೆ ಹಂಚಿಹೋಗಿದೆ.

ಕೆಲಸದ ಸ್ವರೂಪ ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆ. ಹೆಂಚಿಗೆ ಹೆಸರಾದ ಮಾಲೂರಿನಲ್ಲಿ ಕೈಗಾರಿಕಾ ಪ್ರದೇಶವಿದೆ, ಬೆಂಗಳೂರಿಗೆ ರೈಲೂ ಇದೆ. ಕೋಲಾರ ತಾಲ್ಲೂಕಿನ ನರಸಾಪುರ, ವೇಮಗಲ್ ಕಡೆ ದೊಡ್ಡ ಕಾರ್ಖಾನೆಗಳು ಬಂದಿವೆ. ಕೋಲಾರ ಮತ್ತು ಮುಳಬಾಗಿಲು ಎರಡೂ ರಾಷ್ಟ್ರೀಯ ಹೆದ್ದಾರಿ 75ರ ಮೇಲಿವೆ. ಶ್ರೀನಿವಾಸಪುರದ ಮಾವಿನ ತೋಟ, ಮುಳಬಾಗಿಲಿನ ಟೊಮೆಟೊ ಹೊಲಗಳಲ್ಲಿ ಕೊಳವೆಬಾವಿಯ ಸ್ಟಾರ್ಟರ್ ಕೈಕೊಟ್ಟರೆ ಬೆಳೆಗೇ ಕುತ್ತು. ವರ್ಷವಿಡೀ ಹರಿಯುವ ನದಿ ಇಲ್ಲದ ಈ ಜಿಲ್ಲೆಯಲ್ಲಿ ನೀರು ಎಂದರೆ ಬಹುಮಟ್ಟಿಗೆ ಮೋಟರು, ಮೋಟರು ಎಂದರೆ ಕರೆಂಟು. ಕೈಕಸುಬು ಬಲ್ಲವರಿಗೆ ಹೀಗೆ ಮನೆಯ ಕೆಲಸವಲ್ಲದೆ ಬೇರೆ ದಾರಿಗಳೂ ಇವೆ. ಊರಿನ ಕೂಲಿ ತೀರಾ ಇಳಿದರೆ ಅವರು ಬೆಳಗಿನ ರೈಲನ್ನೋ ಬಸ್ಸನ್ನೋ ಹತ್ತಿ ಬೆಂಗಳೂರಿಗೆ ಹೋಗಬಲ್ಲರು.

ಬೆಲೆಯ ವಿಚಾರಕ್ಕೆ ಮುಂಚೆ ಒಂದು ಗಡಿಯನ್ನು ಗುರುತಿಸಬೇಕು. ಕಂಬದಿಂದ ಮೀಟರಿನವರೆಗಿನ ದೋಷ ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂನ ಜವಾಬ್ದಾರಿ. ಅದಕ್ಕೆ 1912ಕ್ಕೆ ದೂರು ಕೊಟ್ಟರೆ ಸಾಕು. ಕಂಬದ ಫ್ಯೂಸ್ ಹಾಕಲು ಬಂದವರಿಗೆ 'ಟೀ ಕಾಸು' ಎಂದು ಕೊಡುವುದು ಕೂಲಿಯಲ್ಲ. ಸಂಬಳ ಪಡೆದು ಮಾಡಬೇಕಾದ ಕೆಲಸಕ್ಕೆ ಎರಡನೆಯ ಸಲ ಕೊಟ್ಟ ಹಣ ಅದು. ನ್ಯಾಯವಾದ ಬೆಲೆಯ ಪ್ರಶ್ನೆ ಏಳುವುದು ಮೀಟರಿನಿಂದ ಈಚೆಗೆ, ಮನೆಯೊಳಗಿನ ವೈರಿಂಗ್ ವಿಷಯದಲ್ಲಿ. ಗೃಹಜ್ಯೋತಿ ಯೋಜನೆಯಲ್ಲಿ ಕರೆಂಟು ಉಚಿತವಾಗಿ ಸಿಗುವ ಮನೆಯಲ್ಲೂ ಈ ಖರ್ಚು ಮನೆಯವರದೇ.

ಮೂರು ಅಳತೆಗಳು

ಕೂಲಿ ತೂಗಲು ಜನ ಹಿಡಿಯುವ ಅಳತೆ ಮೂರು: ಹಿಡಿದ ಹೊತ್ತು, ಊರಿನ ದರ, ಆದ ಪ್ರಯೋಜನ. ಮೂರರಲ್ಲೂ ಹುರುಳಿದೆ, ಒಂದೂ ತಾನಾಗಿ ಸಾಲದು.

"ಹತ್ತು ನಿಮಿಷದ ಕೆಲಸಕ್ಕೆ ಇಷ್ಟಾ?" ಎಂಬ ಆಕ್ಷೇಪ ಮೊದಲನೆಯ ಅಳತೆಯಿಂದ ಬರುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಒಬ್ಬ ಎಲೆಕ್ಟ್ರಿಷಿಯನ್ನಿನ ಸಂಸಾರ ಸಾಗಲು ದಿನಕ್ಕೆ 1,000 ರೂಪಾಯಿ ಬೇಕು ಎಂದು ಇಟ್ಟುಕೊಳ್ಳಬಹುದು. ಅದನ್ನು 8 ಗಂಟೆಗೆ ಹಂಚಿದರೆ 10 ನಿಮಿಷಕ್ಕೆ ಬರುವುದು ಸುಮಾರು 21 ರೂಪಾಯಿ. ಆದರೆ ಬಿಡಿ ರಿಪೇರಿ ಮಾಡುವವರಿಗೆ ದಿನವಿಡೀ ಕೆಲಸ ಇರುವುದಿಲ್ಲ. ಮನೆಯಿಂದ ಮನೆಗೆ ಓಡಾಟ, ಅಂಗಡಿಯಲ್ಲಿ ಸಾಮಾನಿಗೆ ಕಾಯುವುದು, ಕರೆ ಬರುವವರೆಗೆ ಸುಮ್ಮನಿರುವುದು ಎಲ್ಲವೂ ಆ ದಿನದ ಪಾಲೇ. ದಿನಕ್ಕೆ 4 ಮನೆ ಮುಗಿಯಿತು ಎಂದುಕೊಂಡರೆ ಒಂದೊಂದು ಮನೆಯೂ 250 ರೂಪಾಯಿ, ಅದರ ಮೇಲೆ ಪೆಟ್ರೋಲು ಮತ್ತು ಉಪಕರಣದ ಸವೆತ ಹೊರಬೇಕು. 21 ಮತ್ತು 250ರ ನಡುವಿನ ಅಂತರದಲ್ಲಿ ಮೋಸವಿಲ್ಲ. ಮನೆಯವರ ಕಣ್ಣಿಗೆ ಬೀಳದ ಹೊತ್ತು ಇದೆ. ಗಂಟೆಯ ಲೆಕ್ಕಕ್ಕೆ ಇನ್ನೊಂದು ದೋಷವೂ ಉಂಟು. ದೋಷವನ್ನು ಹತ್ತು ನಿಮಿಷದಲ್ಲಿ ಹಿಡಿಯುವ ನುರಿತವರಿಗೆ ಕಡಿಮೆ, ಎರಡು ಗಂಟೆ ತಡಕಾಡುವ ಹೊಸಬರಿಗೆ ಹೆಚ್ಚು ಸಿಕ್ಕಿದರೆ ಕೌಶಲಕ್ಕೆ ದಂಡ ಹಾಕಿದ ಹಾಗಾಗುತ್ತದೆ.

ಊರಿನ ದರ ಎರಡನೆಯ ಅಳತೆ. ನೆರೆಮನೆಯವರು ಎಷ್ಟು ಕೊಟ್ಟರು, ಹೊಸ ವೈರಿಂಗಿಗೆ ಪಾಯಿಂಟ್ ಲೆಕ್ಕದಲ್ಲಿ ಎಷ್ಟು ನಡೆಯುತ್ತಿದೆ ಎಂದು ವಿಚಾರಿಸುವುದು ವಿವೇಕ. ಆದರೆ ನಡೆಯುವ ದರವೆಲ್ಲ ನ್ಯಾಯದ ದರವಲ್ಲ ಎಂಬುದು ಕೋಲಾರದವರಿಗೆ ಹೊಸ ಪಾಠವಲ್ಲ. ಇಲ್ಲಿನ ಎಪಿಎಂಸಿ ಮಾರುಕಟ್ಟೆಯಲ್ಲಿ 2023ರ ಜುಲೈನಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಬಾಡಿಗೆಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದ ಕಾಲಗಳೂ ಇವೆ. ಹರಾಜಿನ ಕೂಗು ಆ ದಿನ ಎಷ್ಟು ಮಾಲು ಬಂತು, ಎಷ್ಟು ಮಂದಿ ಕೊಳ್ಳುವವರಿದ್ದರು ಎಂಬುದನ್ನು ಹೇಳುತ್ತದೆ. ಬೆಳೆದವರ ಶ್ರಮ ಎಷ್ಟೆಂದು ಅದು ಹೇಳದು. ಊರಿನ ದರವೂ ಹಾಗೆಯೇ: ಅದನ್ನು ಸಾಕ್ಷಿಯಾಗಿ ಕೇಳಬಹುದು, ತೀರ್ಪನ್ನು ಅದರ ಕೈಗೆ ಕೊಡಲಾಗದು.

ಮೂರನೆಯ ಅಳತೆ ಪ್ರಯೋಜನ. ಮೂರು ಫೇಸ್ ಸಂಪರ್ಕದ ಮನೆಯಲ್ಲಿ ನ್ಯೂಟ್ರಲ್ ಕಡಿದುಹೋದರೆ 230 ವೋಲ್ಟ್ ಇರಬೇಕಾದ ಕಡೆ ಅದಕ್ಕಿಂತ ಬಹಳ ಹೆಚ್ಚು ವೋಲ್ಟೇಜ್ ಹರಿದು ಟಿವಿ, ಫ್ರಿಜ್ ಸುಟ್ಟುಹೋಗಬಹುದು. ಅದನ್ನು ಸಮಯಕ್ಕೆ ಸರಿಪಡಿಸಿದವರು ಸಾವಿರಾರು ರೂಪಾಯಿಯ ಸಾಮಾನು ಉಳಿಸಿದಂತೆ. ಹಾಗೆಂದು ಉಳಿದ ಸಾಮಾನಿನ ಬೆಲೆಯಲ್ಲಿ ಪಾಲು ಕೇಳಲಾಗದು. ಸ್ಟಾರ್ಟರ್ ಸರಿಮಾಡಿ ಒಂದು ಎಕರೆ ಬೆಳೆ ಉಳಿಸಿದವರು ಆ ಬೆಳೆಯ ಪಾಲುದಾರರಾಗುವುದಿಲ್ಲ. ಬೆಳೆ ಒಣಗಿದ್ದರೆ ಆ ನಷ್ಟದಲ್ಲೂ ಅವರು ಪಾಲುಗೊಳ್ಳುತ್ತಿರಲಿಲ್ಲ.

ಧರ್ಮಪರಂಪರೆಗಳ ಮಾತು

ಕೌಟಿಲ್ಯನ ಅರ್ಥಶಾಸ್ತ್ರ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಳ್ಳುತ್ತದೆ. ಮೊದಲೇ ಮಾತಾಗಿದ್ದರೆ ಮಾತಿನಂತೆ ಕೂಲಿ. ಮಾತಾಗಿರದಿದ್ದರೆ ಕೆಲಸ ಮತ್ತು ಕಾಲಕ್ಕೆ ತಕ್ಕಂತೆ. ಉಳುವವನಿಗೆ ಬೆಳೆಯಲ್ಲಿ, ದನ ಕಾಯುವವನಿಗೆ ತುಪ್ಪದಲ್ಲಿ ಹತ್ತನೆಯ ಒಂದು ಪಾಲು. ಕುಶಲಕರ್ಮಿಗಳ ವಿಷಯದಲ್ಲಿ ಮಾತ್ರ ಪಾಲಿನ ಲೆಕ್ಕವಿಲ್ಲ: ಅಂಥದೇ ಕೆಲಸ ಮಾಡುವ ಇತರರು ಪಡೆಯುವಷ್ಟು, ಅಥವಾ ಆ ಕೆಲಸ ಬಲ್ಲವರು ಗೊತ್ತುಮಾಡಿದಷ್ಟು. ಕೌಶಲದ ಬೆಲೆಯನ್ನು ಕೌಶಲ ಬಲ್ಲವರೇ ಹೇಳಬೇಕು ಎಂಬ ಈ ತತ್ತ್ವ ಇಂದಿಗೂ ಸಲ್ಲುತ್ತದೆ. ಕೂಲಿ ಕೊಡದವನಿಗೆ ಅದೇ ಗ್ರಂಥ ದಂಡವನ್ನೂ ವಿಧಿಸುತ್ತದೆ.

ಹನ್ನೆರಡನೆಯ ಶತಮಾನದ ಶರಣರು ಪ್ರಶ್ನೆಯನ್ನು ಪಡೆಯುವವರ ಕಡೆಯಿಂದ ನೋಡಿದರು. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಒಪ್ಪದೆ, ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ಕಾಯಕಕ್ಕೆ ತಕ್ಕಷ್ಟು ಪಡೆಯುವುದು ಹಕ್ಕು, ಅದಕ್ಕಿಂತ ಹೆಚ್ಚಿನದು ಆಸೆ ಎಂಬ ಗೆರೆಯನ್ನು ಈ ಪ್ರಸಂಗ ಎಳೆಯುತ್ತದೆ. ಆದರೆ ಇದನ್ನು ಕೊಡುವವರು ತಮ್ಮ ಅನುಕೂಲಕ್ಕೆ ಬಳಸಿಕೊಳ್ಳುವಂತಿಲ್ಲ. ಲಕ್ಕಮ್ಮ ಗೆರೆ ಎಳೆದದ್ದು ತನ್ನ ಮನೆಯ ಪಾತ್ರೆಗೆ. ಇನ್ನೊಬ್ಬರ ಪಾತ್ರೆಯನ್ನು ಅವಳು ಅಳೆಯಲಿಲ್ಲ.

ಭಗವದ್ಗೀತೆಯ ನಿಷ್ಕಾಮ ಕರ್ಮದ ವಿಷಯದಲ್ಲೂ ಇಂಥದೇ ಎಚ್ಚರ ಬೇಕು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಗೀತೆಯನ್ನು 'ಜೀವನಧರ್ಮಯೋಗ' ಎಂದು ಕರೆದು, ಅದನ್ನು ಸಂಸಾರದ ನಡುವೆ ಬಾಳುವವರ ಗ್ರಂಥವಾಗಿ ವಿವರಿಸಿದರು. ಸಂಸಾರಿಗೆ ಕೂಲಿ ಎಂಬುದು ಮುಂದೆಂದೋ ಕೈಗೂಡುವ ಫಲವಲ್ಲ, ಈ ಹೊತ್ತಿನ ಅನ್ನ. ಫಲದ ಹಂಬಲ ಬಿಡು ಎಂಬ ಉಪದೇಶ ಕೆಲಸ ಮಾಡುವವನ ಮನಸ್ಸಿಗೆ ಹೇಳಿದ್ದು. ಕೆಲಸ ಮಾಡಿಸಿಕೊಂಡವರ ಋಣವನ್ನು ಅದು ಮನ್ನಾ ಮಾಡುವುದಿಲ್ಲ.

ಕೂಲಿ ಕೊಡುವ ಕಾಲದ ವಿಷಯದಲ್ಲಿ ಇಸ್ಲಾಂ ಕಟ್ಟುನಿಟ್ಟು. ದುಡಿದವರ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿಯವರ ವಚನವಾಗಿ ಇಬ್ನ್ ಮಾಜಾ ಸಂಗ್ರಹ ದಾಖಲಿಸಿದೆ. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನಿಗೆ ಅಂತಿಮ ದಿನದಲ್ಲಿ ದೇವರೇ ಎದುರಾಳಿ ಎಂದು ಬುಖಾರಿ ಸಂಗ್ರಹದಲ್ಲಿದೆ. ಬೈಬಲಿನ ಯಾಜಕಕಾಂಡವೂ ಕೂಲಿಯವನ ಹಣವನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದು ಎನ್ನುತ್ತದೆ. ಮತ್ತಾಯನ ಸುವಾರ್ತೆಯ ದ್ರಾಕ್ಷಿತೋಟದ ಸಾಮತಿಯಲ್ಲಿ ಯಜಮಾನ ಸಂಜೆ ಬಂದವರಿಗೂ ಇಡೀ ದಿನದ ಕೂಲಿ ಕೊಡುತ್ತಾನೆ. ಅದು ದೇವರ ಕೃಪೆಯ ಕಥೆ. ಕೂಲಿಗೆ ಕರೆಯುವವರಿಲ್ಲದೆ ನಿಂತವರಿಗೂ ಅಷ್ಟೇ ಹಸಿವು ಎಂಬುದೂ ಅದರೊಳಗಿದೆ. ಬೌದ್ಧರ ಸಿಗಾಲೋವಾದ ಸುತ್ತ ಕೆಲಸ ಮಾಡಿಸುವವರಿಗೆ ಐದು ಕರ್ತವ್ಯ ಹೇಳುತ್ತದೆ: ಶಕ್ತಿಗೆ ತಕ್ಕ ಕೆಲಸ, ಅನ್ನ ಮತ್ತು ಸಂಬಳ, ಕಾಯಿಲೆಯಲ್ಲಿ ಆರೈಕೆ, ರುಚಿಯಾದದ್ದನ್ನು ಹಂಚಿಕೊಳ್ಳುವುದು, ಸಕಾಲಕ್ಕೆ ಬಿಡುವು.

ಯುರೋಪಿನಲ್ಲಿ ನ್ಯಾಯಬೆಲೆಯನ್ನು ಹೆಚ್ಚು ಸೂಕ್ಷ್ಮವಾಗಿ ಬಿಡಿಸಿದವನು 13ನೆಯ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್. ಕೊಡುವುದರಿಂದ ಮಾರುವವನಿಗೆ ನಷ್ಟವಾಗುವುದಾದರೆ ಆ ನಷ್ಟವನ್ನು ಬೆಲೆಯಲ್ಲಿ ಸೇರಿಸಬಹುದು. ಕೊಳ್ಳುವವನಿಗೆ ಅಗತ್ಯ ಹೆಚ್ಚು ಎಂಬ ಕಾರಣಕ್ಕೆ ಮಾತ್ರ ಬೆಲೆ ಏರಿಸುವಂತಿಲ್ಲ, ಏಕೆಂದರೆ ಆ ಅಗತ್ಯ ಮಾರುವವನ ಸೊತ್ತಲ್ಲ. ಹೆಚ್ಚು ಪ್ರಯೋಜನ ಪಡೆದವನು ತಾನಾಗಿ ಒಂದಿಷ್ಟು ಹೆಚ್ಚು ಕೊಟ್ಟರೆ ಅದು ಅವನ ಒಳ್ಳೆಯತನ.

ಇಪ್ಪತ್ತನೆಯ ಶತಮಾನದಲ್ಲಿ ಗಾಂಧೀಜಿ ಇಂಗ್ಲಿಷ್ ಲೇಖಕ ರಸ್ಕಿನ್‌ನ ಪುಸ್ತಕದಿಂದ ಪಡೆದ ಪಾಠಗಳಲ್ಲಿ ಒಂದು, ವಕೀಲನ ದುಡಿಮೆಗೂ ಕ್ಷೌರಿಕನ ದುಡಿಮೆಗೂ ಒಂದೇ ಬೆಲೆ ಎಂಬುದು. ಆ ಪಾಠವನ್ನು ಅಕ್ಷರಶಃ ಒಪ್ಪದವರೂ ಒಂದು ಪ್ರಶ್ನೆ ಎದುರಿಸಬೇಕು. ಡಾಕ್ಟರು ಹತ್ತು ನಿಮಿಷ ನೋಡಿ ಕೇಳಿದ ಫೀಸನ್ನು ಮರುಮಾತಿಲ್ಲದೆ ಕೊಡುವ ಮನೆ, ಎಲೆಕ್ಟ್ರಿಷಿಯನ್ನಿನ ಹತ್ತು ನಿಮಿಷಕ್ಕೆ ಮಾತ್ರ ಚೌಕಾಶಿ ಮಾಡುವುದೇಕೆ? ಓದಿನ ಅವಧಿಯ ವ್ಯತ್ಯಾಸ ಒಂದಿಷ್ಟು ಅಂತರವನ್ನು ಸಮರ್ಥಿಸುತ್ತದೆ. ಉಳಿದದ್ದು ಕೈಕೆಲಸವನ್ನು ಕೀಳೆಂದು ಕಂಡ ಹಳೆಯ ರೂಢಿ.

ಬೆಲೆಯ ಅಂಗಗಳು

ಈ ವಿಚಾರಗಳನ್ನು ಬಿಲ್ಲಿಗೆ ಇಳಿಸಿದರೆ ಐದು ಬಾಬ್ತುಗಳು ಕಾಣುತ್ತವೆ. ಮೊದಲನೆಯದು ಬಂದು ನೋಡುವ ಚಾರ್ಜು: ಓಡಾಟ ಮತ್ತು ಕಳೆದ ಹೊತ್ತು. ಕೋಲಾರ ಪೇಟೆಯೊಳಗಿನ ಮನೆಗೂ ಶ್ರೀನಿವಾಸಪುರದಿಂದ ದೂರದ ತೋಟದ ಮನೆಗೂ ಇದು ಒಂದೇ ಆಗಲಾರದು. ಎರಡನೆಯದು ಕೆಲಸದ ಕೂಲಿ: ಬಿಡಿ ರಿಪೇರಿಗೆ ಕೆಲಸದ ಮೇಲೆ, ಹೊಸ ವೈರಿಂಗಿಗೆ ಪಾಯಿಂಟ್ ಲೆಕ್ಕ ಅಥವಾ ದಿನಗೂಲಿ.

ಮೂರನೆಯದು ಅಪಾಯದ ಪಾಲು. ಮನೆಯಲ್ಲಿ ಆಳುದ್ದದ ಸ್ಟೂಲಿನ ಮೇಲೆ ನಿಂತು 230 ವೋಲ್ಟಿನ ವೈರು ಮುಟ್ಟುವುದೂ ತೋಟದಲ್ಲಿ ಮೂರು ಫೇಸಿನ 400 ವೋಲ್ಟ್ ಪ್ಯಾನಲ್ ಬಿಚ್ಚುವುದೂ ಜೀವಕ್ಕೆ ಅಪಾಯವಿರುವ ಕೆಲಸ. ಸೋರುವ ಕರೆಂಟು 30 ಮಿಲಿ ಆಂಪಿಯರ್ ಮುಟ್ಟುವುದರೊಳಗೆ ಸಂಪರ್ಕ ಕಡಿಯುವಂತೆ ಮನೆಯ ಆರ್‌ಸಿಸಿಬಿಯನ್ನು ಮಾಡಿರುತ್ತಾರೆ. ಪ್ರಾಣ ತೆಗೆಯಲು ಎಷ್ಟು ಕಡಿಮೆ ಕರೆಂಟು ಸಾಕು ಎಂಬುದಕ್ಕೆ ಅದೇ ಪುರಾವೆ. ಬೇಸಿಗೆಯಲ್ಲಿ ಒಣಗುವ ಇಲ್ಲಿನ ನೆಲದಲ್ಲಿ ಅರ್ಥಿಂಗ್ ದುರ್ಬಲವಾದರೆ ಅಪಾಯ ಇನ್ನೂ ಹೆಚ್ಚು.

ನಾಲ್ಕನೆಯದು ಸಾಮಾನಿನ ಹಣ. ಗ್ರಾಹಕರನ್ನು ಕರೆತಂದದ್ದಕ್ಕೆ ಅಂಗಡಿಯವರು ಕಮಿಷನ್ ಕೊಡುವ ರೂಢಿ ಹಲವೆಡೆ ಇದೆ. ತಂದುಕೊಟ್ಟ ಶ್ರಮಕ್ಕೆ ಹಣ ಪಡೆಯುವುದು ತಪ್ಪಲ್ಲ. ಅದನ್ನು ಸಾಮಾನಿನ ಬೆಲೆಯೊಳಗೆ ಬಚ್ಚಿಡುವುದು ತಪ್ಪು. ಕಮಿಷನ್ನಿಗಾಗಿ ಐಎಸ್‌ಐ ಗುರುತಿಲ್ಲದ ವೈರು ಹಾಕುವುದಂತೂ ಬೆಲೆಯ ಅನ್ಯಾಯವನ್ನು ಮೀರಿ ಜೀವದ ಅನ್ಯಾಯ. ಪವರ್ ಪ್ಲಗ್ಗಿಗೆ 2.5 ಚದರ ಮಿಲಿಮೀಟರ್ ವೈರು ಬೇಕಾದ ಕಡೆ ತೆಳ್ಳನೆಯದು ಎಳೆದು ಉಳಿಸಿದ ಹಣ ಮುಂದೆ ಗೋಡೆಯೊಳಗೆ ಬಿಸಿಯಾಗಿ ಹೊರಬರುತ್ತದೆ.

ಐದನೆಯದು ಹೊಣೆ. ಅದೇ ದೋಷ ಮತ್ತೆ ಬಂದರೆ ಬಂದು ನೋಡುವ ಮಾತು ಕೊಟ್ಟವರ ಬೆಲೆಯೂ ಹಣ ಪಡೆದು ಫೋನ್ ಎತ್ತದವರ ಬೆಲೆಯೂ ಸಮನಾಗಿರಬೇಕಿಲ್ಲ.

ತೊಡಕಿನ ಸಂದರ್ಭಗಳು

ರಾತ್ರಿ ಹನ್ನೊಂದಕ್ಕೆ ಕರೆದರೆ ಹೆಚ್ಚು ಕೇಳಬಹುದೇ? ಅಕ್ವಿನಾಸ್‌ನ ವಿವೇಚನೆ ಇಲ್ಲಿ ನೇರವಾಗಿ ಹೊಂದುತ್ತದೆ. ನಿದ್ದೆಗೆಟ್ಟದ್ದು, ಕತ್ತಲೆಯಲ್ಲಿ ಓಡಾಡಿದ್ದು ಮಾಡುವವರ ನಷ್ಟ. ಅದಕ್ಕೆ ಹೆಚ್ಚು ಕೇಳುವುದು ನ್ಯಾಯ. ಮನೆಯಲ್ಲಿ ಬಾಣಂತಿ ಇದ್ದಾರೆ, ಬೆಳಿಗ್ಗೆ ಮದುವೆ ಇದೆ, ಎಷ್ಟಾದರೂ ಕೊಡುತ್ತಾರೆ ಎಂದು ಕಂಡು ಏರಿಸುವುದು ಅನ್ಯಾಯ.

ದೋಷ ಸಿಗದಿದ್ದರೆ? ಬಂದು ನೋಡಿದ ಚಾರ್ಜು ಸಲ್ಲಬೇಕು, ದುರಸ್ತಿಯ ಕೂಲಿ ಸಲ್ಲದು. ತಮ್ಮಿಂದಾಗದು ಎಂದು ಒಪ್ಪಿ ಬಲ್ಲವರ ಹೆಸರು ಹೇಳಿದವರಿಗೆ ಕೊಟ್ಟ ಹಣ ವ್ಯರ್ಥವಲ್ಲ. ಸುಮ್ಮನೆ ಬೋರ್ಡು ಬದಲಿಸಿ ಹೋಗುವವರಿಂದ ಆಗುವ ಖರ್ಚು ಅದಕ್ಕಿಂತ ದೊಡ್ಡದು.

ಉಳ್ಳವರಿಗೊಂದು ದರ, ಇಲ್ಲದವರಿಗೊಂದು ದರ ಸರಿಯೇ? ಬಡ ಮನೆಯಲ್ಲಿ ತಮ್ಮ ಕೂಲಿ ಬಿಟ್ಟುಕೊಡುವುದು ದಾಸೋಹದ ಗುಣ. ಅದನ್ನು ತುಂಬಿಕೊಳ್ಳಲು ದೊಡ್ಡ ಮನೆಯವರಿಂದ ಹೇಳದೆ ಹೆಚ್ಚು ಕೀಳುವುದು ಇನ್ನೊಬ್ಬರ ಹಣದಲ್ಲಿ ಮಾಡಿದ ದಾನ.

'ನಮ್ಮವರೇ ಅಲ್ವಾ' ಎಂದು ಬಂಧುಗಳು, ಓಣಿಯವರು ಪುಕ್ಕಟೆ ಕೆಲಸ ನಿರೀಕ್ಷಿಸುವುದು, ತಿಂಗಳ ಕೊನೆಗೆ ಕೊಡುತ್ತೇವೆ ಎಂದು ಉದ್ದರಿ ಹೇಳುವುದು ಇನ್ನೊಂದು ತೊಡಕು. ಸಂಬಂಧದ ಹೆಸರಿನಲ್ಲಿ ಬೆಲೆ ಇಳಿಸುವ ಅಧಿಕಾರ ದುಡಿದವರದು ಮಾತ್ರ. ಕೊಡಬೇಕಾದವರು ಸಂಬಂಧವನ್ನು ನೆನಪಿಸಿದರೆ ಅದು ಒತ್ತಾಯ.

ಕಾನೂನು ಎಳೆದ ಗೆರೆ

ಮನೆಗೆ ಬಿಡಿ ಕೆಲಸಕ್ಕೆ ಬರುವ ಎಲೆಕ್ಟ್ರಿಷಿಯನ್ ಸ್ವತಂತ್ರ ಕಸುಬುದಾರರು. ಕನಿಷ್ಠ ವೇತನದ ಕಾನೂನು ಆ ವ್ಯವಹಾರವನ್ನು ನೇರವಾಗಿ ಆಳುವುದಿಲ್ಲ. ಆದರೆ ಅದರ ಹಿಂದಿನ ತರ್ಕ ದಾರಿ ತೋರಿಸುತ್ತದೆ. 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನವನ್ನು ದುಡಿಯುವ ಒಬ್ಬರಿಂದಲ್ಲ, ಒಂದು ಸಂಸಾರದಿಂದ ಲೆಕ್ಕಹಾಕಿತು: ಮೂರು ಘಟಕಗಳ ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಉರುವಲು ಮತ್ತು ದೀಪ. ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪಿನ ಖರ್ಚಿಗೆಂದು ಶೇಕಡಾ 25 ಸೇರಿಸಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿ ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕ ಸರ್ಕಾರ ಕುಶಲ ಕೆಲಸಗಾರರಿಗೆ ಗೊತ್ತುಪಡಿಸುವ ದಿನದ ಕನಿಷ್ಠ ವೇತನವನ್ನು ತಿಳಿದುಕೊಂಡರೆ ಯಾವ ಮನೆಗೂ ಕೆಳಗಿನ ಗೆರೆ ಸಿಗುತ್ತದೆ. ಬಿಡಿ ಕೆಲಸದವರಿಗೆ ಖಾಲಿ ದಿನಗಳೂ ಇರುವುದರಿಂದ ಅವರ ದಿನದ ಕೂಲಿ ಈ ಗೆರೆಗಿಂತ ಮೇಲಿರುವುದೇ ಸಹಜ.

ಇನ್ನೊಂದು ಗೆರೆ ಸುರಕ್ಷತೆಯದು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸಗಳನ್ನು ಬಿಟ್ಟು, ಹೊಸ ವೈರಿಂಗ್ ಮತ್ತು ಬದಲಾವಣೆಗಳನ್ನು ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಿಸಬೇಕೆಂದು ವಿದ್ಯುತ್ ಸುರಕ್ಷತಾ ನಿಯಮಗಳು ಹೇಳುತ್ತವೆ. ಲೈಸೆನ್ಸ್ ಇಲ್ಲದವರು ಅರ್ಧ ಬೆಲೆಗೆ ಮಾಡಿಕೊಡುವ ಮನೆವೈರಿಂಗ್ ಅಗ್ಗವಲ್ಲ. ಆ ಬೆಲೆಯ ಇನ್ನರ್ಧವನ್ನು ಮನೆಯ ಮಕ್ಕಳ ಮೇಲೆ ಹೊರಿಸಿದಂತೆ.

ನಿರ್ಣಯ

ಹೊತ್ತು, ದರ, ಪ್ರಯೋಜನಗಳಲ್ಲಿ ಯಾವುದೂ ಒಂಟಿಯಾಗಿ ನ್ಯಾಯವಾದ ಬೆಲೆಯನ್ನು ಹೇಳದು. ಬೆಲೆಯ ಒಂದೊಂದು ಬಾಬ್ತನ್ನೂ ಎದುರಿನವರ ಮುಂದೆ ಬಾಯಿಬಿಟ್ಟು ಹೇಳಲು ಸಾಧ್ಯವೇ ಎಂಬುದು ಎರಡೂ ಕಡೆಗೆ ಹೊಂದುವ ಪರೀಕ್ಷೆ. "ಪೆಟ್ರೋಲಿಗೆ ಇಷ್ಟು, ಕೂಲಿ ಇಷ್ಟು, ಅಂಗಡಿಯಿಂದ ತಂದದ್ದಕ್ಕೆ ಇಷ್ಟು" ಎಂದು ಹೇಳಬಲ್ಲವರ ಬೆಲೆ ನಿಲ್ಲುತ್ತದೆ; "ನಿಮ್ಮ ಅವಸರ ಕಂಡು ಇಷ್ಟು" ಎಂದು ಯಾರೂ ಹೇಳಲಾರರು. "ನಿಮಗೆ ಬೇರೆ ಕೆಲಸ ಇಲ್ಲವೆಂದು ಗೊತ್ತಿರುವುದರಿಂದ ಕಡಿಮೆ ಕೊಡುತ್ತೇವೆ" ಎಂದು ಮನೆಯವರೂ ಹೇಳಲಾರರು. ಹೇಳಲು ನಾಚಿಕೆಯಾಗುವ ಕಾರಣದ ಮೇಲೆ ನಿಂತ ಬೆಲೆ ಹೆಚ್ಚಾದರೂ ಕಡಿಮೆಯಾದರೂ ಅನ್ಯಾಯವೇ.

ಈ ಪರೀಕ್ಷೆಯಿಂದ ಹೊರಡುವ ಕ್ರಮ ಸರಳ. ಕೆಲಸಕ್ಕೆ ಮುಂಚೆ ಬಂದು ನೋಡುವ ಚಾರ್ಜು ಕೇಳಿ ತಿಳಿಯಬೇಕು. ದೋಷ ಕಂಡ ಮೇಲೆ, ಕೈ ಹಾಕುವ ಮುನ್ನ, ಕೂಲಿಯನ್ನು ಮಾತಾಡಬೇಕು. ಸಾಮಾನಿಗೆ ರಸೀದಿ ಪಡೆಯಬೇಕು. ದೊಡ್ಡ ಕೆಲಸವಾದರೆ ಇನ್ನಿಬ್ಬರನ್ನು ವಿಚಾರಿಸಬೇಕು. ಮಾತಾದ ಮೇಲೆ ಚೌಕಾಶಿ ಮಾಡದೆ, ಕೆಲಸ ನೋಡಿಕೊಂಡು, ಅಲ್ಲೇ ಪೂರ್ತಿ ಹಣ ಕೊಟ್ಟು ಕಳಿಸಬೇಕು. "ನೀವೇ ನೋಡಿ ಕೊಡಿ" ಎಂದವರಿಗೆ "ನೀವು ಹೇಳಿ, ನಿಮ್ಮ ಕೆಲಸ ನಿಮಗೇ ಗೊತ್ತು" ಎನ್ನುವುದು ಕೌಟಿಲ್ಯನ ಮಾತಿಗೂ ಒಪ್ಪುತ್ತದೆ, ದುಡಿಯುವವರ ಮರ್ಯಾದೆಗೂ ಒಪ್ಪುತ್ತದೆ.